ಹೆಳವರ ಪುಸ್ತಕಕ್ಕೆ ನಾನು ಸೇರಿಸಿದ ಮಾತು

ಆ ವರದಿಯಲ್ಲಿ ಒಂಬತ್ತು ಪ್ಯಾರಾ ಇದ್ದವು. ಎಂಟರಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ. ಮಕ್ಕಳು ಎಷ್ಟು ಜನ, ಶಿಕ್ಷಕಿಯ ಇನಿಷಿಯಲ್ಲು ಏನು, ಕಬ್ಬು ತಂದ ಟ್ರ್ಯಾಕ್ಟರು ಯಾರದು, ಎಲ್ಲವನ್ನೂ ಎರಡೆರಡು ಸಲ ಕೇಳಿ ಬರೆದಿದ್ದೆ. ಮಂಡ್ಯದಲ್ಲಿ ಹತ್ತೊಂಬತ್ತು ವರ್ಷ ಜಿಲ್ಲಾ ವರದಿಗಾರನಾಗಿದ್ದವನಿಗೆ ಅದು ಅಭ್ಯಾಸ. ತಪ್ಪು ಇದ್ದದ್ದು ಮೊದಲನೆಯ ಪ್ಯಾರಾದ ಒಂದು ವಾಕ್ಯದಲ್ಲಿ. ಅದು ತಪ್ಪೆಂದು ಟೈಪ್ ಮಾಡುವಾಗಲೇ ನನಗೆ ಗೊತ್ತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ ಅದು. ಹೆಸರು ಬೇಡ, ಒಂದು ಸಲ ಅಚ್ಚು ಹಾಕಿಸಿ ಆಗಿದೆ. ಅಲ್ಲಿನ ಪ್ರೌಢಶಾಲೆಗೆ ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ವಿಜ್ಞಾನದ ಶಿಕ್ಷಕಿಯೊಬ್ಬರು ನನಗೆ ಫೋನ್ ಮಾಡಿದ್ದರು. ವಿಜ್ಞಾನ ದಿನಕ್ಕೆ ಮನುಷ್ಯ ಎಲ್ಲಿಂದ ಬಂದ ಎನ್ನುವ ಪಾಠವನ್ನು ಬಯಲಲ್ಲಿ ಮಾಡುತ್ತೇವೆ, ಹೆಳವರನ್ನೂ ಕರೆದಿದ್ದೇವೆ, ಬಿಡುವಿದ್ದರೆ ಬನ್ನಿ ಸರ್ ಎಂದರು.

ನಮ್ಮ ಸೀಮೆಯವರಿಗೆ ಹೆಳವರು ಯಾರೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಒಕ್ಕಲು ಮನೆಗಳ ವಂಶಾವಳಿ ಇಟ್ಟುಕೊಂಡಿರುವವರು ಅವರು. ಎರಡು ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು; ಈಗ ಮೊಪೆಡ್ಡಿನಲ್ಲಿ ಬರುತ್ತಾರೆ, ಗಂಟೆ ಚೀಲದಲ್ಲಿರುತ್ತದೆ. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದರೆ ಪುಸ್ತಕ ಬಿಚ್ಚಿ, ಈ ಮನೆಯ ಮೂಲಪುರುಷ ಎಲ್ಲಿಂದ ಬಂದ, ಯಾವ ಹೊಳೆ ದಾಟಿದ, ಯಾವ ದೇವರನ್ನು ಹೊತ್ತು ತಂದ, ಅವನ ಮಗ ಯಾರು, ಮೊಮ್ಮಗ ಯಾರು ಎಂದು ಇವತ್ತಿನವರೆಗೆ ಓದುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಮನೆಯವರು ರಾಗಿಯೋ ಬಟ್ಟೆಯೋ ಕೊಟ್ಟು ಕಳಿಸುತ್ತಾರೆ. ಅಪ್ಪ ಬರೆದದ್ದನ್ನು ಮಗ ತಿದ್ದುವುದಿಲ್ಲ ಎನ್ನುವ ಒಂದು ನಂಬಿಕೆಯ ಮೇಲೆ ಅವರ ಅನ್ನ ನಿಂತಿದೆ. ಆ ನಂಬಿಕೆ ಹೋದರೆ ಯಾವ ಮನೆಯೂ ಅವರಿಗೆ ಕಂಬಳಿ ಹಾಸುವುದಿಲ್ಲ.

ನಾನು ಹೋದಾಗ ಹೊಂಗೆ ಮರದ ಕೆಳಗೆ ಕುರ್ಚಿಯಲ್ಲಿ ಒಬ್ಬ ಹೆಳವಯ್ಯ ಕೂತಿದ್ದ. ಅರವತ್ತು ದಾಟಿದ ವಯಸ್ಸು, ಬಿಳಿ ಶರಟು, ತೊಡೆಯ ಮೇಲೆ ಹಳದಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ನಮ್ಮ ಮನೆಗೂ ಬರುತ್ತಿದ್ದವನೇ. ಕಬ್ಬು ತಂದಿದ್ದವರು ಶಾಲಾ ಸಮಿತಿಯ ಅಧ್ಯಕ್ಷರು, ಅದೇ ಊರಿನ ರೈತ. ಟ್ರೇಲರಿನಿಂದ ಜಲ್ಲೆ ಇಳಿಸುತ್ತಿದ್ದಂತೆ ಒಬ್ಬ ಹುಡುಗ ಕೇಳಿದ, "ಮಿಸ್, ಪಾಠ ಮುಗುದ್ಮೇಲೆ ಇದ್ನ ತಿನ್ಬೋದಾ?"

"ಪೂರ್ವಿಕರನ್ನೇ ತಿಂತೀಯೇನೋ?" ಎಂದರು ಶಿಕ್ಷಕಿ. ಅಧ್ಯಕ್ಷರೂ ನಕ್ಕರು.

ಪಾಠದ ರೀತಿ ಇದು. ಕಬ್ಬಿನ ಒಂದು ಗಿಣ್ಣಿಗೆ ಒಂದು ತಲೆಮಾರು. ಹೆಳವಯ್ಯ ಅಧ್ಯಕ್ಷರ ಮನೆಯ ವಂಶಾವಳಿ ಓದುತ್ತಾ ಹೋದ, ಇವತ್ತಿನವರಿಂದ ಹಿಂದಕ್ಕೆ. ಒಂದೊಂದು ಹೆಸರಿಗೆ ಒಬ್ಬಳು ಹುಡುಗಿ ಒಂದೊಂದು ಗಿಣ್ಣಿಗೆ ಕೆಂಪು ದಾರ ಕಟ್ಟಿದಳು. ಹದಿನೇಳನೆಯ ಹೆಸರಿಗೆ ಜಲ್ಲೆ ಮುಗಿಯಿತು.

"ತಾತ, ಇದ್ರಲ್ಲಿ ಎಂಗುಸ್ರೇ ಇಲ್ವಲ್ಲ?" ಎಂದಳು ದಾರ ಕಟ್ಟಿದವಳು.

"ಇದ್ರು ಕಣವ್ವ. ಬರೀನಿಲ್ಲ ಅಷ್ಟೆ. ಈಗ ಬರೀತೀವಿ ಬುಡು." ಹೆಳವಯ್ಯ ಪುಸ್ತಕ ಮುಚ್ಚಿ ಹಣೆಗೆ ಒತ್ತಿಕೊಂಡ. "ಇಲ್ಲಿಂದ ಮ್ಯಾಕೆ ಸಿವ್ನ ಪಾದ. ಅಲ್ಲಿಗೆ ನನ್ ಬಾಯಿ ಮುಗೀತು."

ಮಕ್ಕಳು ಆ ತುದಿಯಲ್ಲಿ ದಾಸವಾಳ ಇಟ್ಟರು. ಆಗ ಶಿಕ್ಷಕಿ ಹೇಳಿದ್ದನ್ನು ನಾನು ಪೂರ್ತಿ ಬರೆದುಕೊಂಡಿದ್ದೇನೆ. ಆ ನೋಟ್‌ಬುಕ್ಕು ಈಗಲೂ ಇದೆ. "ತಾತನ ಜಲ್ಲೆ ಇಲ್ಲಿಗೆ ಮುಗೀತು. ಅದು ಆ ಮನೆಯವರದು. ಅದಕ್ಕೆ ನಾನು ಒಂದು ಗಿಣ್ಣೂ ಸೇರಿಸಲ್ಲ, ಒಂದು ಗಿಣ್ಣೂ ಮುರಿಯಲ್ಲ. ನನ್ನ ಸಾಲು ಬೇರೆ. ಎಲ್ಲರೂ ಗೋಡೆ ಹತ್ರ ಬನ್ನಿ."

ಕಾಂಪೌಂಡ್ ಗೋಡೆಯ ಪಕ್ಕ ಇನ್ನೊಂದು ಸಾಲು ಶುರುವಾಯಿತು. ಮೊದಲ ಗಿಣ್ಣು ಶಿಕ್ಷಕಿಯ ತಾಯಿ, ಎರಡನೆಯದು ಅಜ್ಜಿ, ಆಮೇಲೆ ಹೆಸರು ಗೊತ್ತಿಲ್ಲದ ತಾಯಂದಿರು. ಜಲ್ಲೆಯ ತುದಿಗೆ ಜಲ್ಲೆ ಇಡುತ್ತಾ ಮಕ್ಕಳು ಗೇಟು ದಾಟಿದರು, ನಾಲೆಯ ಏರಿಯ ಮೇಲೆ ಕಬ್ಬು ಖಾಲಿಯಾಗುವವರೆಗೆ ಹೋದರು. ಇದೇ ಅಳತೆಯಲ್ಲಿ ಮಂಡ್ಯ ದಾಟಿ ಶ್ರೀರಂಗಪಟ್ಟಣದ ಹತ್ತಿರ ಹೋಗುವ ಹೊತ್ತಿಗೆ ಒಬ್ಬ ತಾಯಿ ಸಿಗುತ್ತಾಳೆ, ಅವಳ ಮಕ್ಕಳಲ್ಲಿ ಒಂದು ಕವಲು ನಾವಾದೆವು, ಇನ್ನೊಂದು ಕವಲು ಚಿಂಪಾಂಜಿ ಆಯಿತು ಎಂದು ಶಿಕ್ಷಕಿ ವಿವರಿಸಿದರು. "ಆದ್ರೆ ದಾರೀಲಿ ಯಾವ ಗಿಣ್ಣು ನೋಡಿದ್ರೂ ಮಗು ತಾಯಿ ಥರಾನೇ ಇರುತ್ತೆ. ಒಂದೇ ದಿನ ಯಾರೂ ಬದಲಾಗಲಿಲ್ಲ."

ಹೆಳವಯ್ಯ ಕುರ್ಚಿ ಬಿಟ್ಟು ಏರಿಯವರೆಗೂ ಬಂದಿದ್ದ. "ಅದ್ರಿಂದಾಚ್ಗೆ ಯಾರವ್ವ?"

"ಇನ್ನೂ ಹಳಬರು ತಾತ. ತುಂಬಾ ದೂರ ಹೋದ್ರೆ ಮೀನು."

"ಅದ್ರಿಂದಾಚ್ಗೆ?"

"ಕೊಟ್ಟ ಕೊನೇದು ಗೊತ್ತಿಲ್ಲ. ಹುಡುಕ್ತಾ ಇದ್ದಾರೆ."

"ನಮ್ಮಪ್ಪಂಗೂ ಗೊತ್ತಿರ್ನಿಲ್ಲ ಕಣವ್ವ. ಗೊತ್ತಿಲ್ದ ಕಡೀಕೆ ಸಿವ ಅಂತ ಬರ್ಕಂಡವ್ರೆ. ನೀನು ಗೊತ್ತಿಲ್ಲ ಅಂತ್ಲೇ ಇಟ್ಕಂಡಿದ್ದೀಯೆ. ಆಯ್ತು ಬುಡು, ಇಬ್ರೂ ಉಡುಕವ."

ಆ ಮಾತನ್ನು ನಾನು ಅಚ್ಚಿಗೆ ಕೊಡಲಿಲ್ಲ. ಬಡವನಿಗೆ ತೊಂದರೆಯಾದೀತು ಎಂದು ಬಿಟ್ಟೆ. ಬಿಟ್ಟದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಇದನ್ನೂ ದಾಖಲಿಸಬೇಕು.

ಫೋಟೊಗೆ ಅಡಿಬರಹ ಬೇಕೆಂದು ಎರಡು ಸಾಲುಗಳ ನಡುವಿನ ಜಾಗವನ್ನು ಹೆಜ್ಜೆ ಹಾಕಿ ಅಳೆದೆ. ಹತ್ತು ಹೆಜ್ಜೆ. ನೋಟ್‌ಬುಕ್ಕಿನಲ್ಲಿ ಅದೂ ಇದೆ.

ಸಂಜೆ ಮಂಡ್ಯದ ಕಚೇರಿಯಲ್ಲಿ ಬರೆಯಲು ಕೂತಾಗ ವರದಿ ಸಪ್ಪೆಯಾಗಿತ್ತು. ಎರಡು ಸಾಲು, ಎರಡು ಲೆಕ್ಕ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಜಿಲ್ಲಾ ಪುಟದ ಮೂಲೆಯಲ್ಲಿ ಮೂರು ಇಂಚು ಬಂದರೆ ಹೆಚ್ಚು. ಮೊದಲ ಪ್ಯಾರಾವನ್ನು ನಾಲ್ಕು ಸಲ ಅಳಿಸಿದೆ. ಐದನೆಯ ಸಲ ಹೀಗೆ ಬಂತು: "ಹೆಳವರು ಓದಿದ ಹದಿನೇಳು ತಲೆಮಾರಿನ ತುದಿಗೆ ಹದಿನೆಂಟನೆಯದಾಗಿ ಬಂದು ನಿಂತದ್ದು ವಾನರ." ಅಧ್ಯಕ್ಷರ ಮನೆತನದ ಹೆಸರು ಮುಂದಿನ ವಾಕ್ಯದಲ್ಲೇ ಇತ್ತು. ಫೋಟೊಗಳಲ್ಲಿ ನೆಲಕ್ಕೆ ಬಗ್ಗಿ ತೆಗೆದದ್ದೊಂದಿತ್ತು. ಆ ಕೋನದಿಂದ ಎರಡೂ ಸಾಲು ದೂರದಲ್ಲಿ ಒಂದಾದಂತೆ ಕಾಣುತ್ತಿತ್ತು. ಅದನ್ನೇ ಕಳಿಸಿದೆ.

ಮುಖಪುಟದ ಕೆಳಭಾಗದಲ್ಲಿ ಬಂತು, ನನ್ನ ಹೆಸರಿನ ಬೈಲೈನ್ ಸಮೇತ. ಬ್ಯೂರೊ ಮುಖ್ಯಸ್ಥರು ಬೆಳಿಗ್ಗೆಯೇ ಫೋನ್ ಮಾಡಿ, "ಏನ್ರೀ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇಂಥಾ ಕೈನ?" ಎಂದರು. ಮಧ್ಯಾಹ್ನದ ಹೊತ್ತಿಗೆ ಅದು ಮದ್ದೂರು ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು.

ಮೂರನೆಯ ದಿನ ಶಿಕ್ಷಕಿ ಫೋನ್ ಮಾಡಿದರು. ದನಿ ಏರಿಸಲಿಲ್ಲ.

"ಎರಡು ಸಾಲಿದ್ವು ಸರ್. ನೀವೇ ಹೆಜ್ಜೆ ಹಾಕಿ ಅಳೆದ್ರಿ."

"ಭಾವಾರ್ಥ ಅದೇ ಅಲ್ವಾ ಮೇಡಂ?"

"ಅಲ್ಲ. ನಾನು ಹೇಳಿದ್ದು ಅದಲ್ಲ, ತಾತ ಓದಿದ್ದೂ ಅದಲ್ಲ. ಅಧ್ಯಕ್ಷರನ್ನ ಟೀ ಅಂಗಡೀಲಿ, ನಿಮ್ ವಂಸದಾಗೆ ಕೋತಿ ಅದಂತೆ, ಬಾಳೆಹಣ್ಣು ಕೊಡ್ಲಾ ಅಂತ ರೇಗಿಸ್ತಿದ್ದಾರೆ. ಅವರು ಆ ಸಿಟ್ಟನ್ನ ತಾತನ ಮೇಲೆ ತೀರಿಸಿದ್ದಾರೆ. ಅವನು ಕೋತೀನ ಪುಸ್ತಕದಲ್ಲೇ ಸೇರಿಸಿಬಿಟ್ಟಿದ್ದಾನೆ, ಯಾರೂ ಮನೆಗೆ ಸೇರಿಸಬೇಡಿ ಅಂತ ಊರಿಗೆಲ್ಲ ಹೇಳಿದ್ದಾರೆ. ನನ್ನದು ಸರ್ಕಾರದ ಸಂಬಳ ಸರ್. ಆತನದು ಹಾಗಲ್ಲ."

ನಾನು ಆಗ ಹೇಳಿದ ಮಾತು ಬರೆಯುವುದು ಕಷ್ಟ. "ಡೆಸ್ಕಿನವರು ಎಡಿಟ್ ಮಾಡುವಾಗ ಹಾಗಾಗಿದೆ ಮೇಡಂ," ಎಂದೆ. ಡೆಸ್ಕಿನವರು ಒಂದು ಅಕ್ಷರ ಮುಟ್ಟಿರಲಿಲ್ಲ. ಶಿಕ್ಷಕಿ, "ಸರಿ ಸರ್, ಒಂದು ಸ್ಪಷ್ಟನೆ ಹಾಕಿಸಿ," ಎಂದು ಇಟ್ಟರು. ನಾನು ಹಾಕಿಸಲಿಲ್ಲ. ಎರಡು ದಿನದಲ್ಲಿ ಜನ ಮರೆಯುತ್ತಾರೆ ಎಂದುಕೊಂಡೆ. ಬೇರೆಯವರ ತಪ್ಪಿನ ಬಗ್ಗೆ ಬರೆಯುವಾಗ ಜನ ಮರೆಯುವುದಿಲ್ಲ ಎಂದು ನಂಬುತ್ತಿದ್ದವನು ನಾನು.

ಜನ ಮರೆಯಲಿಲ್ಲ. ಚಿಕ್ಕರಸಿನಕೆರೆಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಅಂಗಡಿಯ ಕಟ್ಟೆಯಲ್ಲಿ ಇಬ್ಬರು ಮಾತಾಡುತ್ತಿದ್ದರು. ಒಬ್ಬ, "ಎಳವ್ನೇ ಕಾಸ್ ಈಸ್ಕಂಡು ಬರ್ದವ್ನೆ ಕಣ್ಲಾ, ಇಸ್ಕೂಲ್ನೋರ್ ತಾವ," ಎಂದ. ಇನ್ನೊಬ್ಬ, "ಅಂಗಾರೆ ನಮ್ ಮನೇದ್ನೂ ಏನ್ ತಿದ್ದವ್ನೋ ಯಾವನ್ಗೊತ್ಲಾ," ಎಂದ. ನಾನು ಬೈಕು ಸ್ಟಾರ್ಟ್ ಮಾಡಿ ಹೊರಟೆ. ಅಲ್ಲೇ ಹೇಳಬಹುದಿತ್ತು. ಹೇಳಲು ಅರ್ಧ ನಿಮಿಷ ಸಾಕಿತ್ತು.

ಮುಂದಿನ ಭಾನುವಾರ ಹೆಳವಯ್ಯ ನಮ್ಮೂರು ಹೊಳಲಿಗೆ, ನಮ್ಮ ಮನೆಗೇ ಬಂದ. ನಾನು, ನನ್ನ ಹೆಂಡತಿ, ಎರಡು ವರ್ಷದ ಮಗಳು, ನನ್ನ ಅವ್ವ ಇರುವ ಮನೆ. ಮಗಳ ಹೆಸರನ್ನು ಪುಸ್ತಕಕ್ಕೆ ಬರೆಸಬೇಕೆಂದು ಅವ್ವ ಅವಳು ಹುಟ್ಟಿದಾಗಿನಿಂದ ಕಾಯುತ್ತಿದ್ದಳು. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ನಾನು ಊಟಕ್ಕೆ ಕೂತಿದ್ದೆ. ಬೀದಿಯಲ್ಲಿ ಗಂಟೆ ಕೇಳಿಸಿತು. ಆಮೇಲೆ ಅವ್ವನ ದನಿ.

"ನಿಂತ್ಕೊ ಅಲ್ಲೇ. ಜಗುಲಿ ಅತ್ಬ್ಯಾಡ."

"ಯಾಕವ್ವ?"

"ಯಾಕೆ ಅಂತ ನನ್ನ ಕೇಳ್ತೀಯಾ? ಅಪ್ಪಂದಿರು ಬರ್ದಿಟ್ಟ ಪುಸ್ತಕ ತಿದ್ದಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

"ತಿದ್ದಿಲ್ಲ ಕಣವ್ವ. ಬುಕ್ಕು ಇಲ್ಲೇ ಅದೆ, ನೋಡು ಬೇಕಾರೆ."

"ನಂಗೆ ಓದಕ್ಕೆ ಬರಲ್ಲ. ನನ್ ಮಗ ಪೇಪರ್ನಾಗೆ ಬರ್ದವ್ನೆ. ಅವ್ನು ಸುಳ್ ಬರಿಯಲ್ಲ."

"ಅಂಗಾರೆ ನಿನ್ ಮಗನ್ನೇ ಕರಿಯವ್ವ. ಅವ್ರ ಮುಂದೇನೆ ಓದಿದ್ದು ನಾನು."

ಅವ್ವ ಒಳಗೆ ತಿರುಗಿ ನನ್ನನ್ನು ಕರೆದಳು. ಎರಡು ಸಲ ಕರೆದಳು. ಮುದ್ದೆ ಮುರಿದಿದ್ದ ಕೈ ತಟ್ಟೆಯಲ್ಲೇ ಇತ್ತು. ನನ್ನ ಹೆಂಡತಿ ಒಲೆಯ ಮುಂದಿನಿಂದ ನನ್ನ ಮುಖ ನೋಡಿದಳು. ನಾನು ಉತ್ತರ ಕೊಡಲಿಲ್ಲ.

"ಎಲ್ಲೋ ಗದ್ದೆ ಕಡೆ ಓಗಿರ್ಬೇಕು," ಎಂದಳು ಅವ್ವ.

ಮನೆಯ ಮುಂದೆ ನನ್ನ ಬೈಕು ನಿಂತಿತ್ತು, ಪತ್ರಿಕೆಯ ಸ್ಟಿಕ್ಕರು ಅಂಟಿಸಿದ್ದು. ಹೆಳವಯ್ಯ ಅದನ್ನು ನೋಡಿರಲೇಬೇಕು. "ಬುಡವ್ವ. ಇನ್ನೊಂದ್ಸಲ ಬತ್ತೀನಿ," ಎಂದ. ಮೊಪೆಡ್ಡು ಹೊರಟ ಸದ್ದು ಕೇಳಿಸಿತು. ಹೆಂಡತಿ ಬಡಿಸಲು ಎತ್ತಿದ್ದ ಸಾರಿನ ಸೌಟನ್ನು ಪಾತ್ರೆಗೆ ವಾಪಸ್ಸು ಹಾಕಿ ಎದ್ದು ಹೋದಳು.

ಅವತ್ತೇ ಸಂಜೆ ಅವ್ವನಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು. ಎರಡು ಸಾಲಿನ ವಿಷಯ, ಹತ್ತು ಹೆಜ್ಜೆ, ಫೋಟೊ, ಎಲ್ಲ ಹೇಳಿದೆ. ಅಡುಗೆಮನೆಯಲ್ಲೇ ಇದ್ದೆ ಎಂದೂ ಹೇಳಿದೆ. ವಾನರನ ಮಾತಿಗೆ ಅವಳಿಗೆ ನೋವಾಗಿದೆ, ದೇವರ ಜಾಗಕ್ಕೆ ಪ್ರಾಣಿಯನ್ನು ತಂದಿಟ್ಟರೆಂದು ಸಿಟ್ಟಾಗಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ವಿಜ್ಞಾನ ಏನು ಹೇಳುತ್ತದೆ ಎಂದು ಸಮಾಧಾನದ ನಾಲ್ಕು ಮಾತು ಶುರುಮಾಡಿದೆ. ಅವಳು ಕೈ ಅಡ್ಡ ಮಾಡಿದಳು.

"ಕೋತಿ ಬಂದ್ರೆ ನಂಗೇನ್ಲಾ? ಶನ್ವಾರ ಶನ್ವಾರ ಆಂಜನೇಯಂಗೆ ಕಯ್ಮುಗಿಯಲ್ವಾ ನಾನು? ನಿನ್ ಮೇಷ್ಟ್ರಮ್ಮ ಏನಾರ ಯೋಳ್ಕೊಡ್ಲಿ, ಅದು ಅವಳ್ ಕೆಲ್ಸ. ಪುಸ್ತಕ ತಿದ್ದವ್ನೆ ಅಂತ ನಂಗೆ ಸಿಟ್ಟು ಬಂದಿದ್ದು." ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ತಿದ್ದಿರೋನು ನೀನು. ಬೈಸ್ಕಂಡೋನು ಅವ್ನು. ನನ್ ಬಾಯಲ್ಲಿ ಬಯ್ಸಿದ್ದೀಯ."

ದೇವರು, ವಿಜ್ಞಾನ ಎಂದು ನಾನು ಎರಡು ಪಕ್ಷ ಕಟ್ಟಿದ್ದೆ. ಓದು ಬಾರದ ಅವ್ವ ಕೇಳಿದ್ದು, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀಯಾ ಎಂದು ಮಾತ್ರ. ಅದು ನನ್ನ ಕಸುಬಿನ ಮೊದಲ ಪಾಠ. ಶಿಕ್ಷಕಿ ಗೊತ್ತಿಲ್ಲ ಎನ್ನುವ ಕಡೆ ಗೊತ್ತಿಲ್ಲ ಎಂದರು. ಹೆಳವಯ್ಯ ತನ್ನ ಶಿವನನ್ನು ತನ್ನ ಸಾಲಿನಲ್ಲೇ ಇಟ್ಟುಕೊಂಡ. ಅವರಿಬ್ಬರೂ ಬಿಟ್ಟಿದ್ದ ಹತ್ತು ಹೆಜ್ಜೆ ಜಾಗವನ್ನು ನಾನು ತಿಂದು ಹಾಕಿದೆ.

ಮಾರನೆಯ ದಿನ ಮದ್ದೂರಿನಲ್ಲಿ ಹೆಳವಯ್ಯನನ್ನು ಹುಡುಕಿದೆ. ಸಂತೆ ಮೈದಾನದ ಹಿಂದೆ ನೆಂಟರ ಮನೆಯಲ್ಲಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನು ಎದ್ದದ್ದೇ ನನಗೆ ಸಹಿಸಲಾಗಲಿಲ್ಲ. ನನ್ನ ಜೊತೆ ಬನ್ನಿ, ಅಧ್ಯಕ್ಷರ ಮುಂದೆ ನಾನೇ ಹೇಳುತ್ತೇನೆ ಎಂದೆ. ಬೈಕಿನ ಹಿಂದೆ ಕೂತು ಬಂದ. ದಾರಿಯಲ್ಲಿ ಒಂದೇ ಮಾತು ಕೇಳಿದ: "ಅವತ್ತು ಸಾರು ಏನ್ ಸ್ವಾಮಿ?" ಬಸ್ಸಾರು ಎಂದೆ. "ವಾಸ್ನೆ ಬತ್ತಿತ್ತು," ಎಂದ.

ಅಧ್ಯಕ್ಷರು ಜಗಲಿಯಲ್ಲೇ ಇದ್ದರು. ಹೆಳವಯ್ಯನಿಗೆ ಕೂರಲು ಹೇಳಲಿಲ್ಲ. ನಾನು ಎಲ್ಲ ಒಪ್ಪಿಕೊಂಡೆ. ಅವರು ಕೇಳಿಸಿಕೊಂಡು, "ನಾನೂ ಅಲ್ಲೇ ಇದ್ನಲ್ಲ ಪೇಪರ್ನೋರೆ. ಎರಡ್ ಸಾಲು ಇದ್ದಿದ್ದು ನನ್ ಕಣ್ಣಿಗೂ ಕಂಡಿತ್ತು," ಎಂದರು.

"ಮತ್ತೆ ಇವರನ್ನ ಯಾಕೆ..."

"ಅಚ್ಚಾಗಿ ಬಂದ್ಮೇಲೆ ನನ್ ಕಣ್ ಮೇಲೇ ನಂಗೆ ಅನ್ಮಾನ ಬಂತು. ಎಲ್ರೂ ಆಡ್ಕೊಂಡು ನಗ್ತಾವ್ರೆ. ಯಾರ್ನಾರ ಬಯ್ಬೇಕಲ್ಲ, ಇವ್ನು ಸಿಕ್ದ." ಆಮೇಲೆ ಸೇರಿಸಿದರು: "ನೀವು ಬಾಯಲ್ಲಿ ಯೋಳಿದ್ರೆ ಯಾರ್ ಕೇಳಾರು? ಪೇಪರ್ನಾಗೆ ಬಂದಿದ್ದು ಪೇಪರ್ನಾಗೇ ಓಗ್ಬೇಕು. ಅಲ್ಲೀಗಂಟ ಇವ್ನ್ ಪುಸ್ತಕ ಈ ಊರ್ನಾಗೆ ಬಿಚ್ಚಂಗಿಲ್ಲ."

ಬ್ಯೂರೊ ಮುಖ್ಯಸ್ಥರಿಗೆ ಆಶ್ಚರ್ಯವಾಯಿತು. "ಯಾರೂ ನೋಟಿಸ್ ಕೊಟ್ಟಿಲ್ಲ, ಯಾರೂ ಗಲಾಟೆ ಮಾಡಿಲ್ಲ. ಮೈಮೇಲೆ ಯಾಕ್ರೀ ಎಳ್ಕೋತೀರಿ?" ನಾನು ಪಟ್ಟು ಹಿಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಅರ್ಧ ಹಿಡಿದೆ. ಎರಡು ಸಾಲು ಬೇರೆ ಬೇರೆ ಇದ್ದವು, ಹೆಳವರ ಪುಸ್ತಕಕ್ಕೆ ಯಾರೂ ಏನೂ ಸೇರಿಸಿಲ್ಲ, ವರದಿಗಾರ ಅವೆರಡನ್ನೂ ತಿಳಿದೇ ಒಂದಾಗಿಸಿ ಬರೆದಿದ್ದಾನೆ ಎಂದು ಬರೆದುಕೊಟ್ಟೆ. ಮುಖ್ಯಸ್ಥರು 'ತಿಳಿದೇ' ಹೊಡೆದು 'ಕಣ್ತಪ್ಪಿನಿಂದ' ಎಂದು ಮಾಡಿದರು. ಎಲ್ಲ ಪತ್ರಿಕೆಗಳೂ ಬಳಸುವ ಮಾತು ಅದು. ನಾನು ಸುಮ್ಮನಿದ್ದೆ. ಒಳಪುಟದಲ್ಲಿ, ಜಾಹೀರಾತಿನ ಕೆಳಗೆ, ಆರು ಗೆರೆ ಬಂತು.

ಆ ಪುಟವನ್ನು ಹೆಳವಯ್ಯನಿಗೆ ಒಯ್ದು ಕೊಟ್ಟೆ. ಅವನು ನಿಧಾನವಾಗಿ, ಬೆರಳಿಟ್ಟು ಓದಿದ. ಆಮೇಲೆ ಕತ್ತರಿ ತರಿಸಿ ಆ ಆರು ಗೆರೆಯನ್ನು ಕತ್ತರಿಸಿದ. ಗೋಂದು ಹಚ್ಚಿ ಪುಸ್ತಕದಲ್ಲಿ, ಅಧ್ಯಕ್ಷರ ಮನೆತನದ ಹದಿನೇಳನೆಯ ಹೆಸರಿನ ಪಕ್ಕದಲ್ಲಿ ಅಂಟಿಸಿದ. ಪುಸ್ತಕದಲ್ಲಿ ಯಾರೂ ಏನೂ ಸೇರಿಸಿಲ್ಲ ಎಂದು ಹೇಳುವ ಚೂರು, ಪುಸ್ತಕಕ್ಕೆ ಸೇರಿತು. ಅಂಗೈಯಿಂದ ಒತ್ತಿ ಹಿಡಿದುಕೊಂಡು ನನ್ನನ್ನು ನೋಡಿದ.

"ಕಣ್ತಪ್ಪಾ ಸ್ವಾಮಿ?"

"ಅಲ್ಲ," ಎಂದೆ.

"ಅಂಗಾರೆ ಅದ್ನೂ ಬರ್ಕತೀನಿ. ಸುಳ್ ಬರ್ಕಂಡ್ರೆ ನಮ್ಮಪ್ಪ ಒಪ್ಪಾಕಿಲ್ಲ."

ಜೇಬಿನಿಂದ ಪೆನ್ನು ತೆಗೆದು ಅಂಟಿಸಿದ ಚೂರಿನ ಕೆಳಗೆ ಒಂದು ಗೆರೆ ಬರೆದ. ನನ್ನ ಮನೆತನ, ನನ್ನ ಊರು, ಆಮೇಲೆ 'ಕಣ್ತಪ್ಪಲ್ಲ, ತಿಳಿದೇ ಬರೆದದ್ದು ಎಂದು ಬರೆದವರೇ ಹೇಳಿದರು' ಎಂಬ ಮಾತು. ಬರೆದು ನನಗೆ ಓದಿ ಹೇಳಿ, ಸರಿಯಾಗಿದೆಯಾ ಎಂದು ಕೇಳಿದ. ಸರಿಯಾಗಿದೆ ಎಂದೆ.

ಅಧ್ಯಕ್ಷರು ಅದನ್ನು ಊರಿನವರ ಮುಂದೆ ಜಗಲಿಯಲ್ಲಿ ಎರಡು ಸಲ ಓದಿಸಿ, ಮೂರನೆಯ ಸಲ ಕಂಬಳಿ ಹಾಸಿದರಂತೆ. ಶಿಕ್ಷಕಿ ಫೋನ್ ಮಾಡಿ ಹೇಳಿದರು. ಆ ಊರಿನ ಮೂರು ಮನೆಗಳು ಈಗಲೂ ಅವನನ್ನು ಸೇರಿಸಿಲ್ಲ. ಶಿಕ್ಷಕಿ ಮರುವರ್ಷವೂ ಪಾಠ ಮಾಡಿದರು, ಕಬ್ಬು ಕೊಡಲು ಅಧ್ಯಕ್ಷರು ಒಪ್ಪಲಿಲ್ಲವಾದ್ದರಿಂದ ಹಗ್ಗಕ್ಕೆ ಗಂಟು ಹಾಕಿಸಿ ಮಾಡಿದರು. ನನ್ನನ್ನು ಕರೆಯಲಿಲ್ಲ.

ಹೆಳವಯ್ಯ ನಮ್ಮ ಮನೆಗೆ ಬಂದದ್ದು ಆಮೇಲೆ. ಅವ್ವ ತಾನೇ ಕಂಬಳಿ ಹಾಸಿ, ಮೊರದ ತುಂಬ ರಾಗಿ ತಂದಿಟ್ಟಳು. ಅವತ್ತು ನಾನು ಜಗಲಿಯ ಮೇಲೆಯೇ ಕೂತೆ. ಅವನು ನಮ್ಮ ಮೂಲಪುರುಷನಿಂದ ಶುರುಮಾಡಿ ನನ್ನ ಅಪ್ಪನ ಹೆಸರಿಗೆ ಬಂದ, ನನ್ನ ಹೆಸರಿಗೆ ಬಂದ. ನನ್ನ ಹೆಸರಾದ ಮೇಲೆ ನಿಲ್ಲಿಸದೆ, ಯಾವ ಊರಿನ ಯಾವ ಮನೆಯ ಮೇಲೆ ಏನು ಬರೆದೆ, ಆಮೇಲೆ ಏನೆಂದು ಒಪ್ಪಿಕೊಂಡೆ ಎಂದೂ ಓದಿದ. ನಮ್ಮ ಮನೆಯ ಪುಟಕ್ಕೂ ಅದನ್ನು ಬರೆದುಕೊಂಡಿದ್ದ. ಹೊಳೆ ದಾಟಿದವನನ್ನು ಓದಿದ ದನಿಯಲ್ಲೇ ಓದಿದ, ಹೆಚ್ಚಿಸಲಿಲ್ಲ, ತಗ್ಗಿಸಲಿಲ್ಲ. ಅದರ ಕೆಳಗೆ ಮಗಳ ಹೆಸರು ಬರೆದುಕೊಂಡ. ಅವಳು ಅವನ ಪೆನ್ನು ಹಿಡಿಯಲು ಕೈ ಚಾಚುತ್ತಿದ್ದಳು.

"ಅವ್ಳಿಗೆ ಓದಕ್ಕೆ ಬಂದ್ಮೇಲೆ ಓದ್ಕತಾಳೆ," ಎಂದಳು ಅವ್ವ.